ಎರಡು ಗಂಟೆಯ ಎಚ್ಚರ

ನಿದ್ರೆ ಮನುಷ್ಯನನ್ನು ಅವನ ಪದವಿಯಿಂದ ಕೆಳಗಿಳಿಸುತ್ತದೆ. ಮಲಗಿದವನಿಗೆ ಹುದ್ದೆಯಿಲ್ಲ, ಸಹಿ ಹಾಕುವ ಹಕ್ಕಿಲ್ಲ, ತನ್ನ ಗೊರಕೆಯ ಮೇಲೆ ಹತೋಟಿಯೂ ಇಲ್ಲ. ಈ ಗಂಭೀರ ವಿಚಾರವನ್ನು ನಾನು ವರ್ಷಗಟ್ಟಲೆ ಧ್ಯಾನಿಸಿದ್ದೇನೆ. ಧ್ಯಾನಿಸಿದ ಸ್ಥಳ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯ ಇನ್‌ಸ್ಪೆಕ್ಷನ್ ಮೇಜು. ಹೊತ್ತು ಮಧ್ಯಾಹ್ನ ಎರಡರಿಂದ ಎರಡೂವರೆ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು ಎಂದು ಆಮೇಲೆ ತಿಳಿಯಿತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಕಾರ್ಖಾನೆ ನೀರಿನ ಪಂಪುಗಳಿಗೆ ಬುಷ್ ಮಾಡಿಕೊಡುತ್ತಿತ್ತು. ಬುಷ್ ಎಂದರೆ ಬೆರಳುದ್ದದ ಉಕ್ಕಿನ ಕೊಳವೆ. ಅದರ ತೂತಿನೊಳಗೆ ಪಂಪಿನ ದಂಡ ತಿರುಗಬೇಕು. ತೂತು ಒಂದು ಕೂದಲೆಳೆಯಷ್ಟು ಬಿಗಿಯಾದರೆ ದಂಡ ಹಿಡಿದುಕೊಳ್ಳುತ್ತದೆ, ಒಂದೆಳೆ ಸಡಿಲವಾದರೆ ಪಂಪು ನಡುಗುತ್ತದೆ. ಆ ಕೂದಲೆಳೆಯನ್ನು ಕಾಯುವುದು ನನ್ನ ಉದ್ಯೋಗ. ಕೈಯಲ್ಲಿ ಎರಡು ತುದಿಯ ಒಂದು ಗೇಜು: ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಪ್ರಪಂಚದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಬೇರೆ ವಸ್ತುವನ್ನು ನಾನು ಕಂಡಿಲ್ಲ. ಆ ಕಾರಣಕ್ಕೆ ಅದರ ಮೇಲೂ ನನಗೆ ಸ್ವಲ್ಪ ಗುಮಾನಿಯಿತ್ತು. ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಷನ್‌ನಲ್ಲಿ ಕೂತವನಿಗೆ ಅನುಮಾನ ಚಟವಲ್ಲ, ಸಂಬಳ ತರುವ ಗುಣ. ಮನೆಯಲ್ಲಿ ತಟ್ಟೆಗೆ ಇಡ್ಲಿ ಬಿದ್ದರೂ ಒಮ್ಮೆ ತಿರುಗಿಸಿ ನೋಡುತ್ತಿದ್ದೆ.

ಶೆಡ್ಡಿನೊಳಗೆ ಹನ್ನೊಂದು ಮೆಷಿನ್ನುಗಳ ಗದ್ದಲ. ಕೂಗದ ಹೊರತು ಮಾತು ಕೇಳಿಸದು. ಹಾಗಾಗಿ ಅಲ್ಲಿ ಒಂದು ರೂಢಿ ಬೆಳೆದಿತ್ತು. ಸಾಮಾನ್ಯ ಮಾಲನ್ನು ಪಕ್ಕದ ಮೇಜಿನ ಹೆಣ್ಣುಮಗಳು ಅಳೆದು ಕಳಿಸುತ್ತಿದ್ದಳು. ಆದರೆ ಬಿಡುವುದೋ ಬೇಡವೋ ಎಂಬ ಸಂಶಯದ ಟ್ರೇ ಇದ್ದರೆ ಮೆಷಿನ್ನಿನವರೇ ಅದನ್ನು ತಂದು ನನ್ನ ಮುಂದಿಟ್ಟು, ಒಂದು ಬುಷ್ಷಿಗೆ ಗೇಜು ತುರುಕಿ ತೋರಿಸಿ, ಹುಬ್ಬೇರಿಸಿ ಕೇಳುತ್ತಿದ್ದರು. ನಾನು ತಲೆ ಬಗ್ಗಿಸಿದರೆ ಓಕೆ, ಅಡ್ಡ ಆಡಿಸಿದರೆ ವಾಪಸ್ಸು. ಓಕೆ ಆದ ಟ್ರೇಯ ಚೀಟಿಗೆ ಮೇಜಿನ ಮೇಲಿದ್ದ ನನ್ನ ರಬ್ಬರ್ ಸ್ಟ್ಯಾಂಪನ್ನು ಅವರೇ ಒತ್ತಿಕೊಂಡು ಪ್ಯಾಕಿಂಗಿಗೆ ಒಯ್ಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ತಲೆ ಬಗ್ಗಿಸಿದ್ದಕ್ಕಿಂತ ಅಡ್ಡ ಆಡಿಸಿದ್ದೇ ಹೆಚ್ಚು ಎಂದು ನಂಬಿಕೊಂಡಿದ್ದೆ.

ಇನ್ನು ಕುರ್ಚಿಯ ವಿಷಯ. ತೇಗದ್ದು, ತೋಳಿಲ್ಲದ್ದು, ಯಾವುದೋ ಮುಚ್ಚಿದ ಆಫೀಸಿನ ಹರಾಜಿನಲ್ಲಿ ಬಂದದ್ದು. ಅದರ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ ಒಂದು ದಿನ ಮೂಲಮಟ್ಟ ಹಿಡಿದೇ ನೋಡಿದೆ. ತೊಂಬತ್ತು ಡಿಗ್ರಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂಥ ಕುರ್ಚಿಯಲ್ಲಿ ಕೂತವನು ನಿದ್ದೆ ಮಾಡುತ್ತಾನೆಂದು ಯಾರೂ ಹೇಳಲಾರರು. ಅದೇ ಅದರ ಗುಣ.

ನಿದ್ದೆ ಬರಲು ಕಾರಣಗಳಿದ್ದವು. ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ. ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಕುಕ್ಕರು, ಎಲ್ಲವೂ ತುಂಬುವ ತನಕ ನಿಂತಿರಬೇಕು. ಅದರ ಮೇಲೆ ಮಂಗಳವಾರ, ಶುಕ್ರವಾರ ಕ್ಯಾಂಟೀನಿನಲ್ಲಿ ಮುದ್ದೆ, ಸೊಪ್ಪಿನ ಸಾರು. ಅಡಿಗೆಯವನು ಮುದ್ದೆಗೆ ಏನೋ ಸೇರಿಸುತ್ತಾನೆಂದು ನನಗೆ ಬಲವಾದ ಸಂಶಯವಿತ್ತು. ಒಂದು ಸಲ ಅಡಿಗೆಮನೆಗೇ ಹೋಗಿ ನಿಂತು ನೋಡಿದೆ. ರಾಗಿ ಸೇರಿಸುತ್ತಿದ್ದ.

ಆದರೆ ನಾನು ನಿದ್ದೆ ಮಾಡುತ್ತಿರಲಿಲ್ಲ. ಇದು ನನ್ನ ಸಿದ್ಧಾಂತ. ಇದನ್ನು ನಾನು ಶೆಡ್ಡಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ್ದೆ. ಪಾದ ಎರಡೂ ನೆಲಕ್ಕೆ, ಬೆನ್ನು ಹಲಗೆಗೆ, ಕೈ ಎರಡೂ ಮೇಜಿನ ಮೇಲೆ, ಬಲಗೈಯಲ್ಲಿ ಗೇಜು. ಕಣ್ಣು ಮುಚ್ಚಿದೊಡನೆ ಒಟ್ಟು ಗದ್ದಲ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ: ಇದು ಮೂರನೇ ಲೇಥು, ಇದು ಕಂಪ್ರೆಸರ್, ಇದು ಗ್ರೈಂಡಿಂಗಿನ ಕಲ್ಲು ಉಕ್ಕಿಗೆ ತಾಗಿದ್ದು. ಆಮೇಲೆ ಯೋಚನೆಗಳ ಹಿಡಿ ಕಳಚುತ್ತದೆ. ಟ್ರೇಯಲ್ಲಿ ಬುಷ್ಷಿನ ಬದಲು ಇಡ್ಲಿಗಳು ಸಾಲಾಗಿ ಕೂತಿರುತ್ತವೆ, ಅವುಗಳ ತೂತು ಎಲ್ಲಿ ಎಂದು ನಾನು ಹುಡುಕುತ್ತಿರುತ್ತೇನೆ. ಹುಡುಕುತ್ತಲೇ, ಇದು ಕನಸು, ಇಡ್ಲಿಗೆ ತೂತಿರುವುದಿಲ್ಲ, ಎಂದು ಒಳಗೊಬ್ಬ ವಾಚ್‌ಮನ್ ಹೇಳುತ್ತಾನೆ. ದೇಹ ಮಲಗಿದರೂ ಆ ವಾಚ್‌ಮನ್ ಮಲಗುವುದಿಲ್ಲ. ಪುರಾವೆಯೂ ಇತ್ತು. ಒಂದು ಮಧ್ಯಾಹ್ನ ಕಣ್ಣು ಬಿಡದೆಯೇ, "ಮೂರನೇ ಲೇಥಿನ ಬೆಲ್ಟು ಜಾರ್ತಾ ಇದೆ, ನೋಡ್ರೋ" ಎಂದಿದ್ದೆ. ಹೋಗಿ ನೋಡಿದರೆ ನಿಜವಾಗಿ ಜಾರುತ್ತಿತ್ತು. ಅಂದಿನಿಂದ ಶೆಡ್ಡಿನಲ್ಲಿ ನನಗೆ ಒಂದು ಬಗೆಯ ಭಯಭಕ್ತಿ ಸಲ್ಲತೊಡಗಿತು. ಆ ಬೆಲ್ಟು ಎಂಟು ದಿನದಿಂದ ಜಾರುತ್ತಿತ್ತು ಎಂಬುದನ್ನು ನಾನು ಪ್ರಸ್ತಾಪಿಸಲಿಲ್ಲ.

ನಮ್ಮ ಕಾರ್ಖಾನೆಗೆ ಇಬ್ಬರು ಓನರ್ರುಗಳಿದ್ದರು. ಒಬ್ಬರು ನಿಜವಾದ ಮಾಲೀಕರು, ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವವರು. ಅವರ ಗೊಡವೆ ಇಲ್ಲಿ ಬೇಡ. ಇನ್ನೊಬ್ಬರು ಗ್ರೈಂಡಿಂಗ್ ಮೆಷಿನ್ನು ನಡೆಸುವವರು. ಪಕ್ಕದ ಹಳೆಯ ಹಳ್ಳಿಯ ಬೇಸಾಯದ ಮನೆತನ. ಹೊಲವೆಲ್ಲ ಶೆಡ್ಡುಗಳಾದ ಮೇಲೆ ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರಲ್ಲಿ ಇಬ್ಬರು ನಮ್ಮಲ್ಲೇ ಲೇಥಿನ ಮೇಲಿದ್ದು, ಅಭ್ಯಾಸಬಲದಿಂದ "ಓನರ್ರೇ" ಎಂದು ಕರೆಯುತ್ತಿದ್ದುದರಿಂದ ಎಲ್ಲರಿಗೂ ಅವರು ಓನರ್ರೇ ಆಗಿದ್ದರು.

ಆರು ಮನೆ ಬಾಡಿಗೆ ಬರುವ ಮನುಷ್ಯ ಎಣ್ಣೆನೀರಿನಲ್ಲಿ ಕೈ ಅದ್ದಿಕೊಂಡು ಯಾಕೆ ನಿಲ್ಲಬೇಕು? ನನಗೆ ಇದು ಮೊದಲಿನಿಂದಲೂ ಸರಿಬಂದಿರಲಿಲ್ಲ. ಒಮ್ಮೆ ಕೇಳಿಯೂ ಇದ್ದೆ.

"ಮನೇಲಿ ಕುಂತ್ರೆ ಟ್ಯಾಂಕಲ್ಲಿ ನೀರಿಲ್ಲ ಅಂತ ಒಬ್ಬ ಬತ್ತಾನೆ, ಮೇಲಿನ ಮನೆಯೋರು ಮೆಣಸಿನಕಾಯಿ ಕುಟ್ತಾರೆ ಅಂತ ಇನ್ನೊಬ್ಬ ಬತ್ತಾನೆ ಸಾ," ಎಂದರು. "ಇಲ್ಲಿ ಗಲಾಟೆ. ನೆಮ್ಮದಿಯಾಗಿರ್ತದೆ."

ಉತ್ತರ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವ ಉತ್ತರವನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿರಬೇಕು ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಒಂದು ಸೋಮವಾರ ಪಂಪಿನ ಕಂಪನಿಯಿಂದ ನಾಲ್ಕು ಟ್ರೇ ಮಾಲು ವಾಪಸ್ಸು ಬಂತು. ತೂತು ಬಿಗಿ. ನಾಲ್ಕೂ ಓನರ್ರ ಮೆಷಿನ್ನಿನದು, ನಾಲ್ಕರ ಚೀಟಿಯ ಮೇಲೂ ನನ್ನ ಸ್ಟ್ಯಾಂಪು. ನಾನೇ ಗೇಜು ಹಾಕಿ ನೋಡಿದೆ. ಹೋಗಬೇಕಾದ ತುದಿ ಬಾಗಿಲಲ್ಲೇ ನಿಂತಿತು. ಇಂಥ ಮಾಲನ್ನು ನಾನು ಬಿಟ್ಟಿರಲು ಸಾಧ್ಯವೇ ಇಲ್ಲ. ಬಿಟ್ಟ ನೆನಪೂ ಇಲ್ಲ. ಹಾಗಾದರೆ ನನಗೆ ಗೊತ್ತಿಲ್ಲದೆ ಸ್ಟ್ಯಾಂಪು ಒತ್ತಲಾಗಿದೆ. ಯಾರು ಒತ್ತಿದ್ದು ಎಂಬುದಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ನಾನು ವರ್ಷಗಳಿಂದ ಯೋಚಿಸಿಟ್ಟಿದ್ದೆ.

ಮ್ಯಾನೇಜರು ನಮ್ಮಿಬ್ಬರನ್ನೂ ಒಳಗೆ ಕರೆಸಿದರು.

"ಸಾಹೇಬ್ರು ಓಕೆ ಅಂದ್ರು, ನಾನು ಒತ್ಕಂಡೋದೆ," ಎಂದರು ಓನರ್ರು.

"ಯಾವಾಗ ಅಂದೆ?"

"ಊಟ ಆದ್ಮೇಲೆ ಸಾ. ಎರಡು ಗಂಟೆ ಅಂಗೆ. ತಲೆ ಬಗ್ಗಿಸಿದ್ರಲ್ಲ."

ಮ್ಯಾನೇಜರು ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. "ನೋಡ್ರೀ, ಬೇಜಾರು ಮಾಡ್ಕೋಬೇಡಿ. ಆ ಹೊತ್ತಲ್ಲಿ ನೀವೇನಾದ್ರೂ ಸ್ವಲ್ಪ ನಿದ್ದೆಗಿದ್ದೆ..."

ನಾನು ಬಾಯಿ ತೆರೆಯುವ ಮೊದಲೇ ಓನರ್ರು ತಲೆ ಅಲ್ಲಾಡಿಸಿದರು. "ಚೆ ಚೆ, ಇಲ್ಲ ಸಾ. ಅವ್ರು ನಿದ್ದೆ ಮಾಡಾಕಿಲ್ಲ. ಕಣ್ಮುಚ್ಕಂಡಿರ್ತಾರೆ ಅಷ್ಟೇಯ. ಎಲ್ಲಾ ಗೊತ್ತಾಯ್ತದೆ ಅವ್ರಿಗೆ. ಶೆಡ್ಡಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ತನ್ನ ಮೇಲಿನ ಆರೋಪದಿಂದ ಪಾರಾಗುವ ಒಂದೇ ಬಾಗಿಲನ್ನು ಆ ಮನುಷ್ಯ ನನ್ನ ಮರ್ಯಾದೆಗಾಗಿ ತಾನೇ ಎಳೆದು ಮುಚ್ಚಿಕೊಂಡ. ಆಗ ನನಗೆ ಹಾಗೆ ಕಾಣಲಿಲ್ಲ. ಇದು ಯಾವ ಹೊಸ ಉಪಾಯ ಎಂದು ಯೋಚಿಸುತ್ತಿದ್ದೆ.

"ಅವರೇ ಹೇಳ್ತಿದಾರಲ್ಲ ಸಾರ್," ಎಂದೆ.

ಗುರುವಾರ ವಿಚಾರಣೆ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಓನರ್ರು ಒಳಗೆ ಬರುವ ಹಾಗಿಲ್ಲ. ಸ್ಟ್ಯಾಂಪು ಕದ್ದು ಒತ್ತಿದ್ದು ನಿಜವೆಂದು ತೀರ್ಮಾನವಾದರೆ ಆಮೇಲೂ ಬರುವ ಹಾಗಿಲ್ಲ. ಅವರು ಟಿಫನ್ ಡಬ್ಬಿ ತೆಗೆದುಕೊಂಡು ಹೊರಟವರು ನನ್ನ ಮೇಜಿನ ಹತ್ತಿರ ನಿಂತರು.

"ಕೆಲ್ಸ ಓದ್ರೆ ಓಗ್ಲಿ ಸಾ. ಕಳ್ ಮುದ್ರೆ ಒತ್ದೋನು ಅನ್ನಿಸ್ಕಂಡು ಓಗೋದು ಎಂಗೆ? ನನ್ ಮನೇಲಿರೋ ಇಬ್ರೂ ಇಲ್ಲೇ ಅವ್ರೆ. ನಾಳೆ ನಾನು ಬೀದಿ ನಲ್ಲಿ ತಾವ ನಿಂತು, ನೀರು ಕದೀಬೇಡ್ರಪ್ಪ ಅಂತ ಅವ್ರಿಗೆ ಯೋಳಾಕಾಯ್ತದಾ? ನೀವು ತಲೆ ಬಗ್ಗಿಸಿದ್ದು ಒಂದ್ಸಲ ಗ್ಯಾಪ್ಕ ಮಾಡ್ಕಳಿ."

ಜ್ಞಾಪಕ ಮಾಡಿಕೊಂಡೆ. ಏನೂ ಸಿಗಲಿಲ್ಲ. ಇಷ್ಟು ವಿನಯವಾಗಿ ಕೇಳುವವನು ಖಂಡಿತ ತಪ್ಪು ಮಾಡಿರಬೇಕು ಎನ್ನಿಸಿತು.

ಒಬ್ಬರಿಂದಲೇ ಇದು ಆಗುವ ಕೆಲಸವಲ್ಲ, ಶೆಡ್ಡಿನೊಳಗೆ ಜೊತೆಗಾರರಿದ್ದಾರೆ ಎಂದು ರಾತ್ರಿಯ ಊಟದ ಹೊತ್ತಿಗೆ ನಿಶ್ಚಯಿಸಿದ್ದೆ. ಮಾರನೆಯ ದಿನ ಪಕ್ಕದ ಮೇಜಿನ ಹೆಣ್ಣುಮಗಳನ್ನು ಕರೆದೆ. ಆಕೆಯ ಮೇಲೂ ಅನುಮಾನವಿತ್ತು, ಆದರೆ ಸಾಕ್ಷಿಗೆ ಇನ್ನೊಬ್ಬರು ಇರಲಿಲ್ಲ.

"ನೋಡಮ್ಮ, ಇವತ್ತು ಊಟ ಆದ್ಮೇಲೆ ನಾನು ನಿದ್ದೆ ಬಂದವನ ಥರ ನಟಿಸ್ತೀನಿ. ಯಾರು ಬಂದು ಸ್ಟ್ಯಾಂಪು ಮುಟ್ತಾರೆ, ಟೈಮು ಹಾಕಿ ಬರ್ಕೋ."

"ನಟಿಸ್ತೀರಾ ಸಾರ್?"

"ಹೂಂ. ಒಳಗಡೆ ಎಚ್ಚರವಾಗೇ ಇರ್ತೀನಿ."

"ದಿನಾ ಇರ್ತೀರಲ್ಲ, ಹಂಗಾ?"

"ಹಂಗೇ."

"ಸರಿ ಸಾರ್," ಎಂದಳು. ಮುಖದಲ್ಲಿ ನಗುವಿರಲಿಲ್ಲ. ಅದೂ ನನಗೆ ಸರಿಕಾಣಲಿಲ್ಲ.

ಇನ್ನೊಂದು ಭದ್ರತೆಯನ್ನೂ ಮಾಡಿದೆ. ಚೀಟಿ ಕಟ್ಟುವ ದಾರದ ಒಂದು ತುದಿಯನ್ನು ಸ್ಟ್ಯಾಂಪಿನ ಹಿಡಿಗೆ, ಇನ್ನೊಂದನ್ನು ನನ್ನ ಎಡಗೈಯ ಕಿರುಬೆರಳಿಗೆ ಕಟ್ಟಿಕೊಂಡೆ. ಅಂದು ಮಂಗಳವಾರ. ಮುದ್ದೆ ತಿನ್ನಬಾರದೆಂದುಕೊಂಡಿದ್ದೆ; ತಿನ್ನದಿದ್ದರೆ ಕಳ್ಳರಿಗೆ ಸಂಶಯ ಬರುತ್ತದೆಂದು ಒಂದೂವರೆ ತಿಂದೆ.

ಆ ಅರ್ಧ ಗಂಟೆ ನನಗೆ ಇವತ್ತಿಗೂ ಪೂರ್ತಿಯಾಗಿ ನೆನಪಿದೆ. ಅಷ್ಟು ಎಚ್ಚರವಾಗಿ ನಾನು ನನ್ನ ಮದುವೆಯಲ್ಲೂ ಕೂತಿರಲಿಲ್ಲ. ರೆಪ್ಪೆಯ ಸಂದಿನಲ್ಲಿ ಮೇಜಿನ ಅಂಚು ಕಾಣುತ್ತಿತ್ತು. ಕಂಪ್ರೆಸರ್ ಎರಡು ಸಲ ನಿಂತು ಎರಡು ಸಲ ಶುರುವಾಯಿತು. ನಡುವೆ ಕರೆಂಟು ಹೋಯಿತು, ಶೆಡ್ಡು ಗಪ್ಪೆಂದಿತು, ಹಿಂದಿನ ಗೋಡೆಯಾಚೆ ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಮೆಷಿನ್ನಿನ ಎಣ್ಣೆನೀರಿನ ವಾಸನೆ ಬಂತು, ಹೋಯಿತು. ಯಾರಾದರೂ ಬರುತ್ತಾರೆಂದು ಕಾದೆ. ಸ್ಟ್ಯಾಂಪು ಎದುರಿಗೇ ಇತ್ತು. ಒಂದು ನರಪಿಳ್ಳೆಯೂ ಬರಲಿಲ್ಲ. ಕಿರುಬೆರಳಿನ ದಾರ ಅಲುಗಲಿಲ್ಲ. ಕಳ್ಳರಿಗೆ ಸುಳಿವು ಸಿಕ್ಕಿದೆ, ಈ ಹೆಣ್ಣುಮಗಳೇ ಹೇಳಿರಬೇಕು, ಎಂದುಕೊಂಡು ಎರಡೂವರೆಗೆ ಸರಿಯಾಗಿ ಕಣ್ಣು ಬಿಟ್ಟೆ.

"ಯಾರೂ ಬರ್ಲಿಲ್ಲ ಅಲ್ವಾ?"

ಆಕೆ ಹಳೆಯ ಜಾಬ್ ಕಾರ್ಡೊಂದನ್ನು ನನ್ನ ಕಡೆ ಸರಿಸಿದಳು. ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

"2.04. ಎರಡನೇ ಲೇಥಿನವರು ಟ್ರೇ ತಂದರು. ಬುಷ್ ತೋರಿಸಿದರು. ಸಾರ್ ಓಕೆ. ದಾರ ಬಿಚ್ಚಬೇಕಾಯಿತು. ಸಾರ್ ಬೆರಳು ಎತ್ತಿ ಕೊಟ್ಟರು. ಒತ್ತಿ, ಮತ್ತೆ ಕಟ್ಟಿದರು.

2.11. ಮೂರನೇ ಲೇಥಿನವರು. ಸಾರ್ ಓಕೆ, ಎರಡು ಸಲ.

2.16. ಡ್ರಿಲ್ಲಿಂಗಿನವರು. ಮೊದಲು ಸಾರ್ ಬೇಡ ಅಂದರು. ಸ್ವಲ್ಪ ಹೊತ್ತು ಕಾದು ನಿಂತರು. ಓಕೆ.

2.19. ಬೆಕ್ಕು ಮೇಜಿನ ಮೇಲೆ ಬಂತು. ಸಾರ್ ಓಕೆ."

ನಾನು ಎರಡು ಸಲ ಓದಿದೆ. ಬೆಕ್ಕು ನಿಜ, ಪ್ಯಾಕಿಂಗ್ ಪೆಟ್ಟಿಗೆಗಳ ಹಿಂದೆ ಒಂದು ಇತ್ತು. ಉಳಿದದ್ದನ್ನು ಆಕೆ ಕಟ್ಟಿದ್ದಾಳೆ ಎಂದು ನಿರ್ಧರಿಸಿ ಅಡ್ಡಪ್ರಶ್ನೆ ಹಾಕಿದೆ.

"ಹಂಗಾದ್ರೆ ಕರೆಂಟು ಹೋದಾಗ ಏನಾಯ್ತು? ಅದನ್ನ ಯಾಕೆ ಬರ್ದಿಲ್ಲ?"

"ಕರೆಂಟಾ? ಇವತ್ತು ಹೋಗೇ ಇಲ್ವಲ್ಲ ಸಾರ್."

ಜನರೇಟರಿನ ಹತ್ತಿರ ಹೋಗಿ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಕಿರುಬೆರಳು ನೋಡಿಕೊಂಡೆ. ನಾನು ಹಾಕಿದ್ದು ಒರಟು ಗಂಟು. ಈಗ ಇದ್ದದ್ದು ಚಿಟ್ಟೆಯಂತೆ ಚಂದವಾಗಿ ಬಿಗಿದ ಹೂಗಂಟು. ಪ್ಯಾಕಿಂಗಿಗೆ ಹೋಗಿ ಮೂರೂ ಟ್ರೇಗಳನ್ನು ಎಳೆಸಿ ಗೇಜು ಹಾಕಿದೆ. ಎರಡರಲ್ಲಿ ತುದಿ ಬಾಗಿಲಲ್ಲೇ ನಿಂತಿತು. ಮೂರರ ಚೀಟಿಯ ಮೇಲೂ ನನ್ನ ಸ್ಟ್ಯಾಂಪು ಇನ್ನೂ ಒದ್ದೆಯಾಗಿತ್ತು.

ಒಳಗಿನ ವಾಚ್‌ಮನ್ ಎದ್ದಿದ್ದ ಎಂಬುದು ಸುಳ್ಳಲ್ಲ. ಅವನು ಕಾಯುತ್ತಿದ್ದದ್ದು ಬೇರೆ ಶೆಡ್ಡನ್ನು. ಅಲ್ಲಿಯೂ ಹನ್ನೊಂದು ಮೆಷಿನ್ನಿದ್ದವು, ಅಲ್ಲಿಯೂ ಒಂದು ನೆಟ್ಟನೆಯ ಕುರ್ಚಿಯಿತ್ತು, ಅದರ ಮೇಲೆ ನಾನು ಎಚ್ಚರವಾಗಿ ಕೂತಿದ್ದೆ. ಅಲ್ಲಿಗೆ ಯಾರೂ ಟ್ರೇ ತರುವುದಿಲ್ಲ, ಅಷ್ಟೇ. ಇಷ್ಟು ವರ್ಷ ನಾನು ಕಂಡದ್ದು ಎಚ್ಚರವಾಗಿರುವ ಕನಸು. ಈ ಕಡೆಯ ಶೆಡ್ಡಿನಲ್ಲಿ ನನ್ನ ಕತ್ತು ಊಟದ ಭಾರಕ್ಕೆ ಒಮ್ಮೊಮ್ಮೆ ಮುಂದಕ್ಕೆ ಬಾಗುತ್ತಿತ್ತು, ಮಾಲು ಹೋಗುತ್ತಿತ್ತು.

ಎರಡನೇ ಲೇಥಿನವನನ್ನು ಕರೆದೆ. ಓನರ್ರ ಬಾಡಿಗೆದಾರರಲ್ಲಿ ಒಬ್ಬ.

"ಸಂಶಯದ ಟ್ರೇನ ಬೆಳಗ್ಗೆ ಯಾಕೆ ತರಲ್ಲ ನೀವು? ಎರಡು ಗಂಟೆಗೇ ಯಾಕೆ?"

ಅವನು ತಲೆ ಕೆರೆದುಕೊಂಡ. "ಬೆಳಗ್ಗೆ ತಂದ್ರೆ ಬೈತೀರ ಸಾರ್. ಊಟ ಆದ್ಮೇಲೆ ಒಳ್ಳೇ ಮೂಡಲ್ಲಿರ್ತೀರ. ಎಲ್ರಿಗೂ ಗೊತ್ತು. ಓನರ್ರೇ ಮೊದ್ಲು ಕಂಡ್ಹಿಡಿದಿದ್ದು. ಹೊಟ್ಟೆ ತುಂಬಿದ್ರೆ ಸಾಹೇಬ್ರು ದೇವ್ರಂಥ ಮನುಷ್ಯ ಅಂತಿದ್ರು."

"ನಾನು ನಿದ್ದೆ ಮಾಡ್ತಿದೀನಿ ಅಂತ ಒಬ್ರಿಗೂ ಅನ್ನಿಸ್ಲಿಲ್ವಾ?"

"ನೀವೇ ಹೇಳಿದ್ರಲ್ಲ ಸಾರ್, ಮಾಡಲ್ಲ ಅಂತ."

ಇಪ್ಪತ್ತೆರಡು ವರ್ಷ ನಾನು ಯಾರ ಮಾತನ್ನೂ ನಂಬಿದವನಲ್ಲ. ಇಡೀ ಶೆಡ್ಡು ನನ್ನ ಮಾತನ್ನು ನಂಬಿ ಕೂತಿತ್ತು.

ಜಾಬ್ ಕಾರ್ಡನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದೆ. ಗುರುವಾರಕ್ಕೆ ಇನ್ನೂ ಒಂದು ದಿನವಿತ್ತು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು, ಓನರ್ರು ಹೊರಗೆ, ನಾನು ಒಳಗೆ, ಕುರ್ಚಿ ಅಲ್ಲೇ. ಆ ಹೆಣ್ಣುಮಗಳು ತಾನಾಗಿ ಹೇಳುವವಳಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ನೀರು ಬಂತು. ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಾಗ ಹಿಂದಿನವನು ನನ್ನ ಸರದಿಗೆ ನುಗ್ಗಿದ. ಸರದಿ ತಪ್ಪಿಸಬೇಡಪ್ಪ ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಯಾವಾಗಲೂ ಹೊರಗಿನವರ ಕಡೆ ಹಿಡಿಯುತ್ತಿದ್ದ ಗೇಜನ್ನು ಆ ಹೊತ್ತು ಮೊದಲ ಸಲ ಒಳಗಡೆಗೆ ಹಾಕಿ ನೋಡಿದೆ. ಹೋಗಬಾರದ ತುದಿ ಸಲೀಸಾಗಿ ಹೋಯಿತು.

ಬುಧವಾರ ಬೆಳಗ್ಗೆ ಮ್ಯಾನೇಜರ ಮುಂದೆ ಕಾರ್ಡು ಇಟ್ಟೆ. ಅವರು ಓದಿದರು. ಬೆಕ್ಕಿನ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಬರ್ಕೊಡ್ತೀರಾ?"

"ಬರ್ಕೊಡ್ತೀನಿ."

"ಆಮೇಲೆ ನಿಮ್ಮ ಮೇಲೆ ಬರುತ್ತೆ, ಗೊತ್ತಲ್ಲ?"

"ಗೊತ್ತು ಸಾರ್. ಅವರ ಮೇಲಿಂದ ಹೋಗ್ಲಿ."

ಬರೆದೆ. 'ಮಾನ್ಯರೇ, ಮಧ್ಯಾಹ್ನದ ವೇಳೆಯಲ್ಲಿ ನಾನು ಅರ್ಧಜಾಗೃತಾವಸ್ಥೆಯಲ್ಲಿದ್ದು, ನನ್ನ ಶಿರಸ್ಸಿನ ಅನೈಚ್ಛಿಕ ಚಲನೆಯನ್ನು ಸಿಬ್ಬಂದಿಯವರು ಸಮ್ಮತಿಯೆಂದು ಭಾವಿಸಿದ ಕಾರಣ' ಎಂದು ಶುರುಮಾಡಿ ಒಂದು ಪುಟ ತುಂಬಿಸಿದ್ದೆ. ಮ್ಯಾನೇಜರು ಕೆಂಪು ಪೆನ್ನಿನಲ್ಲಿ ಒಂದೊಂದೇ ಸಾಲು ಹೊಡೆದು ಹಾಕುತ್ತ ಬಂದು, ಮೇಲೆ ಬರೆದರು: 'ನಿದ್ದೆ ಮಾಡುತ್ತಿದ್ದೆ. ಅವರ ತಪ್ಪಿಲ್ಲ.' ಕೆಳಗೆ ನಾನು ಸಹಿ ಹಾಕಿದೆ. ಸ್ಟ್ಯಾಂಪು ಬೇಕೇ ಎಂದು ಕೇಳಿದೆ. ಬೇಡ ಎಂದರು.

ಓನರ್ರು ಶುಕ್ರವಾರ ಒಳಗೆ ಬಂದರು. ಟಿಫನ್ ಡಬ್ಬಿ ಗೂಟಕ್ಕೆ ನೇತುಹಾಕಿ, ಇಬ್ಬರು ಬಾಡಿಗೆದಾರರಿಗೂ ಕೇಳಿಸುವಂತೆ ನನ್ನ ಮೇಜಿನ ಮುಂದೆ ನಿಂತರು.

"ಅಂಗಾದ್ರೆ ನೀವು ನಿದ್ದೆ ಮಾಡ್ತಿದ್ದದ್ದು ದಿಟ್ವಾ ಸಾ?"

"ದಿಟ."

ಅವರ ಮುಖದಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚಿತ್ತು. "ನಾನು ನಿಮ್ಮನ್ನ ಎಲ್ರ ತಾವನೂ ಒಗಳ್ತಿದ್ದೆ," ಎಂದರು. "ಮೂರನೇ ಲೇಥಿನ ಬೆಲ್ಟು?"

"ಅದು ಎಂಟು ದಿನದಿಂದ ಜಾರ್ತಿತ್ತು."

ಅಂದಿನಿಂದ ಅವರು ಟ್ರೇ ತಂದಾಗಲೆಲ್ಲ ನನ್ನ ಕಣ್ಣಿನ ಮುಂದೆ ಎರಡು ಬೆರಳು ಹಿಡಿದು, "ಎಷ್ಟು ಸಾ?" ಎಂದು ಕೇಳಿ, ನಾನು ಎರಡು ಎಂದ ಮೇಲೆಯೇ ಬುಷ್ ತೋರಿಸುತ್ತಿದ್ದರು. ಬೆಳಗಿನ ಹೊತ್ತೂ ಕೇಳುತ್ತಿದ್ದರು. ಬೈಯುವ ಹಾಗಿರಲಿಲ್ಲ.

ಒಂದು ವರ್ಷ ನನ್ನ ಬಡ್ತಿ ತಡೆದರು. ಸ್ಟ್ಯಾಂಪನ್ನು ಪಕ್ಕದ ಮೇಜಿನ ಹೆಣ್ಣುಮಗಳಿಗೆ ಕೊಟ್ಟರು; ಅಳೆಯುವುದು ನಾನು, ಒತ್ತುವುದು ಆಕೆ. ಕುರ್ಚಿಯನ್ನು ಗೇಟಿನ ಸೆಕ್ಯೂರಿಟಿಯವನಿಗೆ ಹಾಕಿದರು. ನನ್ನ ಮೇಜಿನ ಕಾಲಿಗೆ ಒಂದೂವರೆ ಅಡಿಯ ಕೊಳವೆ ಬೆಸೆದು ಎತ್ತರಿಸಿದರು, ಮತ್ತು ನಿವೃತ್ತನಾಗುವವರೆಗಿನ ಮೂರು ವರ್ಷ ನಾನು ನಿಂತುಕೊಂಡು ಕೆಲಸ ಮಾಡಿದೆ.